ನುಂಗಿದ ಅಕ್ಷರ

ಆ ವರ್ಷದ ಬೇಸಿಗೆಯಿಂದ ನಮ್ಮ ಮನೆಯಲ್ಲಿ ಯಾರೂ 'ಹೂಂ' ಅನ್ನುತ್ತಿರಲಿಲ್ಲ. ಹೂಂ ಅನ್ನಬೇಕಾದಲ್ಲಿ ನಾನು ತಲೆಯಾಡಿಸುತ್ತಿದ್ದೆ. ನನ್ನ ಭಾಮೈದ ಕಣ್ಣು ಮುಚ್ಚಿ ತೆರೆಯುತ್ತಿದ್ದ. ಹೆಂಡತಿ 'ಸರಿ' ಅನ್ನುತ್ತಿದ್ದಳು. ಕಷ್ಟವಾದದ್ದು ಅವಳಿಗೇ. ಅವಳು ಮಾತಿನವಳು. ಬಟ್ಟೆ ಸರಿಪಡಿಸುವ ಅಂಗಡಿಯಲ್ಲಿ ದಿನವಿಡೀ ಕಂಡವರ ಪ್ಯಾಂಟು ಗಿಡ್ಡ ಮಾಡಿ, ಸೊಂಟ ಹಿಗ್ಗಿಸಿ, ಸಂಜೆ ಆ ಸೊಂಟಗಳ ಕತೆಯನ್ನೆಲ್ಲ ಮನೆಗೆ ಹೊತ್ತು ತರುವವಳು. ಕತೆ ಹೇಳುವವರಿಗೆ ಹೂಂಗುಟ್ಟುವವರು ಬೇಕು. ಹೂಂಗುಟ್ಟುವವರಿಲ್ಲದ ಮನೆಯಲ್ಲಿ ಕತೆ ಅರ್ಧಕ್ಕೆ ನಿಂತು, ಸುತ್ತ ನೋಡಿ, ತಾನಾಗಿಯೇ ಎದ್ದು ಹೋಗುತ್ತದೆ.

ನಾನೂ ಭಾಮೈದನೂ ಲಿಫ್ಟ್ ರಿಪೇರಿಯವರು. ಕಂಪನಿಯಲ್ಲಿ ಹಳೆಯ ಲಿಫ್ಟು ಕೆಟ್ಟಾಗೆಲ್ಲ ನಮ್ಮ ಜೋಡಿಯನ್ನೇ ಕಳಿಸುತ್ತಿದ್ದರು. ಹೊಸ ಲಿಫ್ಟಿನಲ್ಲಾದರೆ ಜನರನ್ನು ಹೊರುವ ಡಬ್ಬಿಯ ತಲೆಯ ಮೇಲೆ ನಿಂತು ಕೆಲಸ ಮಾಡುವವನ ಕೈಯಲ್ಲೇ ಅದನ್ನು ನಡೆಸುವ ಗುಂಡಿ ಇರುತ್ತದೆ. ಹಳೆಯದರಲ್ಲಿ ಆ ಭಾಗ್ಯವಿಲ್ಲ. ಒಬ್ಬ ಕಟ್ಟಡದ ನೆತ್ತಿಯಲ್ಲಿರುವ ಯಂತ್ರದ ಕೋಣೆಯಲ್ಲಿ ನಿಂತು ಒಂದು ಕೈಯಿಂದ ಬ್ರೇಕ್ ಸಡಿಲಿಸಿ ಇನ್ನೊಂದು ಕೈಯಿಂದ ಚಕ್ರ ತಿರುಗಿಸಬೇಕು. ಇನ್ನೊಬ್ಬ ಕೆಳಗೆ, ಕತ್ತಲಲ್ಲಿ, ಡಬ್ಬಿಯ ಮೇಲೆ. ಲಿಫ್ಟು ಓಡಾಡುವ ಆ ಉದ್ದನೆಯ ಕತ್ತಲಿಗೆ ನಾವು ಬಾವಿ ಅನ್ನುತ್ತೇವೆ. ಇಬ್ಬರ ನಡುವೆ ಉಕ್ಕಿನ ಹಗ್ಗ ಇಳಿಯುವ ಒಂದು ಕಂಡಿ. ಮಾತೂ ಅದರಲ್ಲೇ ಹೋಗಿ ಬರಬೇಕು. ಮೇಲಿನಿಂದ 'ಬಿಡ್ಲಾ?' ಎಂಬ ಪ್ರಶ್ನೆ. ಕೆಳಗಿನಿಂದ 'ಹೂಂ', ಇಲ್ಲವೇ 'ಉಹೂಂ'. ಎಷ್ಟೋ ವರ್ಷ ನಮ್ಮ ಸಂಸಾರ ಅಷ್ಟು ಮಾತಿನಲ್ಲೇ ಸಾಗಿತ್ತು.

ಆ ದಿನ ನಾನು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎಡಗೈಯನ್ನು ಡಬ್ಬಿ ಜಾರುವ ಹಳಿಯ ಹಿಂದೆ ತೂರಿಸಿ ಬಿದ್ದುಹೋದ ಬೋಲ್ಟೊಂದನ್ನು ತಡಕುತ್ತಿದ್ದೆ. ಮೇಲಿನಿಂದ ಭಾಮೈದ 'ಬಿಡ್ಲಾ?' ಎಂದ. ನಾನು 'ಉಹೂಂ' ಎಂದೆ. ಟಾರ್ಚು ಕಚ್ಚಿದ ಬಾಯಿ ಅರ್ಧ ತಿಂದುದನ್ನು ಬಾವಿ ಪೂರ್ತಿ ನುಂಗಿತು. ಮೊದಲ ಅಕ್ಷರ ಕೆಳಗೇ ಉಳಿಯಿತು. ಮಿಕ್ಕದ್ದು ಮೇಲೆ ಹೋಗಿ ಅವನಿಗೆ ಮುಟ್ಟಿತು. ಅವನು ಬ್ರೇಕ್ ಬಿಟ್ಟ.

ಕಂಪನಿಯವರು ಅದನ್ನು ಸಂವಹನದ ಕೊರತೆ ಎಂದು ಕರೆದರು. ನನಗೆ ಕೊರತೆ ಬಿದ್ದದ್ದು ಎಡಗೈಯ ಮೂರು ಬೆರಳು. ಹೆಬ್ಬೆರಳೂ ತೋರುಬೆರಳೂ ಉಳಿದವು. ಉಪ್ಪು ಚಿಟಿಕೆ ಹಿಡಿಯಲು ಸಾಕು.

ಆಮೇಲೆ ನನ್ನನ್ನು ಸ್ಟೋರಿಗೆ ಹಾಕಿದರು. ತಗಡಿನ ಕಪಾಟುಗಳ ನಡುವೆ ಕೂತು ನಟ್ಟು ಒಂದು ಕಡೆ, ವಾಷರು ಒಂದು ಕಡೆ ಮಾಡುವ ಕೆಲಸ. ಭಾಮೈದನನ್ನು ಹೊಸ ಲಿಫ್ಟುಗಳ ದೀಪ ಬದಲಾಯಿಸಲು ಕಳಿಸುತ್ತಿದ್ದರು. ಅವನಿಗೆ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ನಾನಂತೂ ಅನ್ನಲೇ ಇಲ್ಲ. ಅವನು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದ. ಮೊದಲಿಂದಲೂ ಅಲ್ಲೇ ಇದ್ದವನು, ಅಕ್ಕನ ಬಾಲ. ಬೆಳಿಗ್ಗೆ ನಾನು ಒಂದೇ ಕೈಯಲ್ಲಿ ಷೂ ಲೇಸು ಕಟ್ಟಲು ಒದ್ದಾಡುವಾಗ ಅವನು ಕಿಟಕಿ ನೋಡುತ್ತ ನಿಂತಿರುತ್ತಿದ್ದ. ಕಿಟಕಿಯಾಚೆ ಎದುರು ಮನೆಯ ಗೋಡೆಯಲ್ಲದೆ ಬೇರೇನೂ ಇರಲಿಲ್ಲ.

ಹಿಂದೆಲ್ಲ ವರ್ಷ ಮುಗಿಯುವ ಹೊತ್ತಿಗೆ ಊಟದ ಮೇಜಿನ ಮುಂದೆ ಅವನದೊಂದು ಭಾಷಣವಿರುತ್ತಿತ್ತು. "ಅಕ್ಕ, ಈ ವರ್ಷ ಈಜು ಕಲೀತೀನಿ. ಬರ್ಕೋ." ಪ್ರತಿ ವರ್ಷವೂ ಅದೇ. ಸಿಗರೇಟು ಬಿಡುವುದು, ಬೇಗ ಏಳುವುದು, ಇಂಥ ಸಣ್ಣಪುಟ್ಟ ಶಪಥಗಳಿಗೆ ಅವನು ಕೈಹಾಕಿದವನಲ್ಲ. ಈಜು ಮಾತ್ರ. "ಬಕೆಟ್ಟಲ್ಲಿ ಶುರು ಮಾಡು, ಆಮೇಲೆ ಟಬ್ಬು, ಆಮೇಲೆ ಕೊಳ," ಎಂದು ಅವಳು ಕಾಲೆಳೆಯುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ.

ವರ್ಷದ ಕೊನೆಯ ದಿನಕ್ಕೆ ಮುಂಚಿನ ಸಂಜೆ ಮೂವರೂ ಊಟಕ್ಕೆ ಕೂತಿದ್ದೆವು. ಹೆಂಡತಿ ಪಟ್ಟು ಬಿಡದೆ ಕತೆ ತೆಗೆದಳು.

"ಇವತ್ತೊಬ್ಬ ಗಿರಾಕಿ ಬಂದಿದ್ದ. ಮದುವೆ ಕೋಟು. ಹದಿನೈದು ವರ್ಷದ ಹಿಂದಿಂದು. ಗುಂಡಿ ಹಾಕ್ಕೊಳಕ್ಕೆ ಆಗ್ಬೇಕು ಅಂತಾನೆ. ನಾನು ಹೇಳ್ದೆ, ಸ್ವಾಮಿ, ಹಿಗ್ಗಿಸೋಕೆ ಬಟ್ಟೆ ಇಲ್ಲ, ನೀವೇ ಕುಗ್ಗಬೇಕು ಅಂತ. ಅದಕ್ಕವನು ಏನಂದ ಗೊತ್ತಾ?"

ನಾವು ಏನಂದ ಎಂದು ಕೇಳಲಿಲ್ಲ. ಚಮಚ ತಟ್ಟೆಗೆ ತಾಗುವ ಸದ್ದು.

"ಗೋಡೆ ಜೊತೆ ಮಾತಾಡ್ದಂಗಿದೆ. ಹೂಂ ಅಂತಾದ್ರೂ ಅನ್ರೋ!" ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು.

ಭಾಮೈದ ಅರ್ಧ ತಟ್ಟೆಯಲ್ಲೇ ಕೈ ತೊಳೆಯಲು ಎದ್ದ. ಈಜಿನ ಮಾತು ಆ ವರ್ಷ ಬರಲಿಲ್ಲ. ಕೋಟಿನವನು ಏನಂದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಡುಗೆಮನೆಯಲ್ಲಿ ಅವಳು ಪಾತ್ರೆ ತೊಳೆಯುತ್ತ ನನ್ನ ಕಡೆ ತಿರುಗದೆಯೇ ಹೇಳಿದಳು. "ಬ್ಯಾಗ್ ತುಂಬಿಟ್ಟಿದಾನೆ. ಬಾಗಿಲ ಹಿಂದೆ ಇದೆ. ಒಂದನೇ ತಾರೀಖು ಹೊರಡ್ತಾನಂತೆ. ಬೇರೆ ಊರಲ್ಲಿ ಯಾವುದೋ ಗೋಡೌನ್ ಕಾಯೋ ಕೆಲಸ."

"ಒಳ್ಳೇದೇ ಆಯ್ತು ಬಿಡು. ಗೋಡೌನಿಗೆ ಬ್ರೇಕ್ ಇರಲ್ಲ."

ಅವಳು ನಲ್ಲಿ ನಿಲ್ಲಿಸಿದಳು. "ಅವನನ್ನ ಎತ್ತಿ ಬೆಳೆಸಿದೋಳು ನಾನು. ಹೋಗ್ತೀನಿ ಅನ್ನೋವಾಗ ಅವನ ಮುಖ ನೋಡಿದೀನಿ. ಅಲ್ಲಿ ಹೋಗಿ ಬದುಕೋ ಮುಖ ಅಲ್ಲ ಅದು. ನೀನು ಒಂದು ಮಾತು ಹೇಳಿದ್ರೆ ನಿಲ್ತಾನೆ."

"ಯಾವ ಮಾತು?"

"ಅದನ್ನೂ ನಾನೇ ಹೇಳಿಕೊಟ್ರೆ ಅದು ನನ್ನ ಮಾತಾಗುತ್ತೆ. ನಿಂದಾಗಲ್ಲ."

"ನನ್ನ ಬೆರಳು ಹೋಗಿದ್ದು. ಅವನಿಗೆ ನಾನು ಸಮಾಧಾನ ಮಾಡ್ಬೇಕಾ?"

"ನಿನ್ನ ಬಾಯಲ್ಲಿ ಟಾರ್ಚ್ ಇತ್ತು."

ಈ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಯಾರ ಬಾಯಿಂದಲೂ ಬಂದಿರಲಿಲ್ಲ. ನಾನು ಮುಖ ಊದಿಸಿಕೊಂಡು ಹೋಗಿ ಮಲಗಿದೆ. ಆ ಕಡೆಯಿಂದ ಹೊಲಿಗೆ ಯಂತ್ರದ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಅಂಗಡಿಯ ಕೆಲಸವನ್ನು ಅವಳು ಮನೆಗೆ ತರುವವಳಲ್ಲ.

ಬೆಳಿಗ್ಗೆ ಮೇಜಿನ ಮೇಲೆ ನನ್ನ ಹಳೆಯ ಕೆಲಸದ ಕೈಗವಸುಗಳಿದ್ದವು. ಎಡಗೈಯದರಲ್ಲಿ ಮೂರು ಬೆರಳುಗಳನ್ನು ಒಳಕ್ಕೆ ಮಡಚಿ, ಹೊರಗೆ ಗಂಟು ಕಾಣದ ಹಾಗೆ ಹೊಲಿದಿದ್ದಳು. ಮಂದಿಯ ಪ್ಯಾಂಟಿನ ಅಂಚು ಹೊಲಿಯುವಷ್ಟೇ ಅಚ್ಚುಕಟ್ಟು. ಅವಳಾಗಲೇ ಅಂಗಡಿಗೆ ಹೋಗಿಯಾಗಿತ್ತು. ಸ್ಟೋರಿನಲ್ಲಿ ವಾಷರ್ ಎಣಿಸಲು ಕೈಗವಸು ಬೇಕಾಗಿಲ್ಲ. ಆದರೂ ಜೇಬಿಗೆ ಹಾಕಿಕೊಂಡೆ.

ಕಂಪನಿ ಖಾಲಿ ಹೊಡೆಯುತ್ತಿತ್ತು. ಅರ್ಧಕ್ಕರ್ಧ ಮಂದಿ ರಜೆ. ಮಧ್ಯಾಹ್ನದ ಹೊತ್ತಿಗೆ ಸೂಪರ್‌ವೈಸರ್ ಸ್ಟೋರಿಗೆ ಬಂದರು. ಮಾತುಮಾತಿಗೂ ಸುಟ್ಟುಕೊಳ್ಳುತ್ತಿದ್ದರಿಂದ ಅವರಿಗೆ ಫ್ಯೂಸ್ ಎಂದೇ ಹೆಸರು. ಅವತ್ತು ಮಾತ್ರ ತಣ್ಣಗಿದ್ದರು.

"ಒಂದು ಹಳೇ ಲಿಫ್ಟು ನಿಂತಿದೆ. ಮೂರು, ನಾಲ್ಕರ ಮಧ್ಯ," ಎಂದರು. ಕಪಾಟಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿ ನೋಡಿಕೊಂಡರು. "ಅದೇ ಕಟ್ಟಡ."

ಕೈಯಲ್ಲಿದ್ದ ವಾಷರನ್ನು ನಟ್ಟುಗಳ ಕಡೆಗೆ ಹಾಕಿದೆ.

"ಐದನೇ ಮಹಡಿಯವರ ಅಪ್ಪನ್ನ ಸಂಜೆ ಆಸ್ಪತ್ರೆಯಿಂದ ಕರ್ಕೊಂಡು ಬರ್ತಾರಂತೆ. ಹೊತ್ತುಕೊಂಡು ಹತ್ತಿಸಬೇಕಾ ಅಂತ ಕೂಗಾಡ್ತಿದಾರೆ. ನಿನ್ನನ್ನ ಕಳಿಸಲ್ಲಯ್ಯ, ಬೈಬೇಡ. ಯಾವ ಷೂ ಬೇಕಾಗುತ್ತೆ ಅಂತ ಹೇಳು, ತೆಗೆದಿಡು. ಹಬ್ಬ ಮುಗಿಸಿಕೊಂಡು ಯಾರಾದ್ರೂ ಬಂದಾಗ ಹೋಗಲಿ."

ಷೂ ಅಂದರೆ ಡಬ್ಬಿಯ ಪಕ್ಕದಲ್ಲಿ ಹಳಿಯನ್ನು ತಬ್ಬಿಕೊಂಡು ಜಾರುವ ಲೋಹದ ತುಂಡು. ನಾನು ಎದ್ದು ಕಪಾಟಿನಿಂದ ಒಂದು ಷೂ ತೆಗೆದೆ. ಅವರ ಕೈಗೆ ಕೊಡಬೇಕಾಗಿತ್ತು. ಕೊಡಲಿಲ್ಲ. ಧೈರ್ಯ ಬಂತು ಎಂದರೆ ಸುಳ್ಳಾಗುತ್ತದೆ. ಜೇಬಿನಲ್ಲಿ ಕೈಗವಸು ಇತ್ತು. ಅದನ್ನು ಹೊಲಿದವಳಿಗೆ ಸಂಜೆ ಮುಖ ತೋರಿಸುವ ಭಯ ಬಾವಿಯ ಭಯಕ್ಕಿಂತ ಒಂದು ನೂಲು ಹೆಚ್ಚಿತ್ತು, ಅಷ್ಟೇ.

"ನಾನೇ ಹೋಗ್ತೀನಿ."

"ಯಾರ ಜೊತೆ?"

"ಭಾಮೈದನ ಜೊತೆ."

ಫ್ಯೂಸ್ ನನ್ನನ್ನೇ ನೋಡಿದರು. "ತಲೆ ನೆಟ್ಟಗಿದೆಯಾ?"

"ಕೈ ನೆಟ್ಟಗಿಲ್ಲ. ತಲೆ ಇದ್ದಂಗೇ ಇದೆ."

ಭಾಮೈದನಿಗೆ ಹೇಳಿದಾಗ ಅವನು ಕಣ್ಣು ಮುಚ್ಚಿದ, ತೆರೆಯಲಿಲ್ಲ. ಆಮೇಲೆ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡ. ಬೀದಿ ಒದ್ದೆಯಾಗಿತ್ತು. ಅಂಗಡಿಯವರು ಸಾಧ್ಯವಿದ್ದರೆ ಹಳೆಯ ವರ್ಷದ ಕ್ಯಾಲೆಂಡರುಗಳನ್ನೂ ಅರ್ಧ ಬೆಲೆಗೆ ಮಾರುತ್ತಿದ್ದರೇನೋ, ಅಷ್ಟು ಗಡಿಬಿಡಿ. ಎಲ್ಲರ ಕೈಯಲ್ಲೂ ಪೊಟ್ಟಣ. ಎದುರು ಬಂದವರು ಒಬ್ಬರಿಗೊಬ್ಬರು ಶುಭಾಶಯ ಹೇಳುತ್ತಿದ್ದರು. ನಮ್ಮ ಮುಖ ನೋಡಿದವರು ಬಾಯಿ ಮುಚ್ಚಿಕೊಂಡು ದಾಟಿದರು.

ಮೆಟ್ಟಿಲು ಹತ್ತುವಾಗ ಅವನು ನಿಂತ. ಹಾಗೇ ತಿರುಗದೆ ಹೇಳಿದ. "ಭಾವ, ನಾನು ಬಾವಿಗೆ ಇಳೀತೀನಿ. ನೀವು ಮೇಲೆ ಚಕ್ರ ಹಿಡೀರಿ."

ಕೈ ಮೇಲೆತ್ತಿ ತೋರಿಸಿದೆ. "ಒಂದು ಕೈ ಬ್ರೇಕಿಗೆ, ಒಂದು ಚಕ್ರಕ್ಕೆ. ಇದರಲ್ಲಿ ಯಾವುದನ್ನ ಹಿಡೀಲಿ?"

ಅವನು ನೋಡಲಿಲ್ಲ. "ಹಾಗಾದ್ರೆ ಒಂದು ಮಾತು. ಬಿಡು ಅಂದ್ರೆ ಬಿಡ್ತೀನಿ. ನಿಲ್ಲು ಅಂದ್ರೆ ನಿಲ್ಲಿಸ್ತೀನಿ. ಮೂರನೇ ಮಾತು ಬಂದ್ರೆ ಬ್ರೇಕಿಂದ ಕೈ ತೆಗೆದು ಕೂತ್ಕೋತೀನಿ. ಬೆಳಗಾಗ್ಲಿ, ವರ್ಷ ಹೋಗಿ ವರ್ಷ ಬರ್ಲಿ."

ಬ್ರೇಕಿನಿಂದ ಕೈ ತೆಗೆದರೆ ಅದು ತಾನಾಗಿ ಕಚ್ಚಿಕೊಂಡು ಡಬ್ಬಿ ನಿಲ್ಲುತ್ತದೆ. ನಾನು ತಲೆಯಾಡಿಸಿದೆ. ಆಮೇಲೆ ಅವನು ನನ್ನನ್ನು ನೋಡುತ್ತಿಲ್ಲ ಎಂಬುದು ಹೊಳೆದು, "ಆಯ್ತು," ಎಂದೆ.

ಕೈಗವಸು ತೊಟ್ಟು, ನಾಲ್ಕನೇ ಮಹಡಿಯ ಬಾಗಿಲನ್ನು ಕೀಲಿಯಿಂದ ತೆರೆದು ಡಬ್ಬಿಯ ತಲೆಯ ಮೇಲೆ ಇಳಿದೆ. ಯಾರೂ ಎಡವಿ ಬೀಳದಿರಲೆಂದು ಬಾಗಿಲು ಎಳೆದುಕೊಂಡೆ. ಕತ್ತಲು. ಹಳೆಯ ಗ್ರೀಸಿನ ವಾಸನೆ, ತಣ್ಣನೆಯ ಕಬ್ಬಿಣದ ವಾಸನೆ. ಟಾರ್ಚು ಹಚ್ಚಿದ್ದೇ ತಡ, ಕೈ ತಾನಾಗಿ ಅದನ್ನು ಬಾಯಿಗೆ ತಂದಿತು. ತುಟಿಗೆ ತಾಗಿದಾಗ ಬೆಚ್ಚಿದೆ. ಅದನ್ನು ಹಗ್ಗದ ಕೊಂಡಿಗೆ ಸಿಕ್ಕಿಸಿದೆ. ಅದು ಅಲುಗಾಡಿ ಗೋಡೆಯ ಮೇಲೆಲ್ಲ ಬೆಳಕು ಚೆಲ್ಲಿತು, ಕುಡಿದವನು ಲಾಂದ್ರ ಹಿಡಿದಂತೆ.

ಷೂ ಸವೆದು ಸೊಟ್ಟಗಾಗಿ ಹಳಿಯನ್ನು ಕಚ್ಚಿಕೊಂಡಿತ್ತು. ಎರಡು ಬೆರಳಿನಿಂದ ಅದನ್ನು ಬಿಡಿಸಿ ಹೊಸದನ್ನು ಕೂರಿಸಲು ನನಗೆ ಹಿಂದಿನ ಮೂರರಷ್ಟು ಹೊತ್ತು ಹಿಡಿಯಿತು. ಸ್ಪ್ಯಾನರು ಎರಡು ಸಲ ಕೈಜಾರಿ ಬಿತ್ತು. ಪ್ರತಿ ಸಲವೂ ಮೇಲಿನಿಂದ "ಭಾವ?" ಎಂಬ ದನಿ. "ಸ್ಪ್ಯಾನರು," ಎಂದು ನಾನು. ಇನ್ನುಳಿದದ್ದು, ಡಬ್ಬಿಯನ್ನು ಕೈಚಕ್ರದಿಂದ ಚೂರುಚೂರೇ ಎತ್ತಿಸುತ್ತ ಹಳಿ ತಡವಿ ನೋಡುವುದು. ಹಳಿಯನ್ನು ಗೋಡೆಗೆ ಬಿಗಿದಿರುವ ಕಬ್ಬಿಣದ ತೋಳು ತಲೆಗಿಂತ ಸ್ವಲ್ಪ ಮೇಲೆ ಇತ್ತು. ನನ್ನ ಬೆರಳು ತಿಂದ ಅದೇ ತೋಳು. ಯಾರೋ ಅದನ್ನು ಒರೆಸಿ ಸ್ವಚ್ಛ ಮಾಡಿದ್ದರು.

"ಬಿಡ್ಲಾ?" ಎಂದ ಭಾಮೈದ.

"ಹೂಂ," ಎಂದೆ.

ಎಂದ ಮೇಲೆಯೇ ಏನೆಂದೆ ಎಂದು ಗೊತ್ತಾದದ್ದು. ನಾಲಿಗೆಗೆ ವರ್ಷಗಳ ರೂಢಿ. ನಾನು ಹಗ್ಗ ಹಿಡಿದು ಕಾದೆ. ಹಗ್ಗ ಅಲುಗಲಿಲ್ಲ. ಅವನು ಬ್ರೇಕಿನಿಂದ ಕೈ ತೆಗೆದು ಕೂತಿದ್ದಾನೆ. ನನಗೆ ಮೊದಲು ಬಂದದ್ದು ಸಿಟ್ಟು, ಇಷ್ಟು ಸ್ಪಷ್ಟವಾಗಿ ಹೂಂ ಅಂದೆನಲ್ಲ, ಕಿವಿ ಕೆಪ್ಪೇ ಎಂದು. ಆಮೇಲೆ ಅದು ಇಳಿಯಿತು. ಅವನು ಈಗ 'ಹೂಂ'ಗೆ ಬಿಡುವವನಲ್ಲ. ಎಷ್ಟೇ ಸ್ಪಷ್ಟವಾಗಿರಲಿ, ಎಷ್ಟೇ ಸಲ ಕೂಗಲಿ.

'ಬಿಡು' ಅನ್ನಬೇಕು. ಬಾಯಿ ತೆರೆದೆ. ಬರಲಿಲ್ಲ. ಕೈಗವಸಿನೊಳಗೆ ಇಲ್ಲದ ಮೂರು ಬೆರಳು ಮಡಚಿಕೊಂಡು ನೋಯತೊಡಗಿದವು. ಕೆಳಗೆ ಎಲ್ಲೋ ಯಾರದೋ ಮನೆಯಲ್ಲಿ ರೇಡಿಯೋ ಹಾಡುತ್ತಿತ್ತು. ಹೆದರಿದ್ದೇನೆ ಎಂದು ಯಾರಿಗಾದರೂ ಹೇಳಬಹುದಾಗಿದ್ದರೆ ಹೇಳಿಬಿಡುತ್ತಿದ್ದೆ. ಇದ್ದವನು ಅವನೊಬ್ಬನೇ, ಅವನು ನನಗಿಂತ ಹೆಚ್ಚು ಹೆದರಿದ್ದ.

"ಬಿಡು!" ಎಂದೆ. ಕೂಗಿದೆ ಅನ್ನಬೇಕು. ಬಾವಿಯುದ್ದಕ್ಕೂ ಅದು ಬಡಿದುಕೊಂಡು ಹೋಯಿತು.

ಡಬ್ಬಿ ನಡುಗಿ ಮೇಲೆದ್ದಿತು. ಹೊಸ ಷೂ ಹಳಿಯ ಮೇಲೆ ಗೊಣಗುತ್ತ ಜಾರಿತು. ಕಬ್ಬಿಣದ ತೋಳು ನನ್ನ ಮುಖದ ಮಟ್ಟಕ್ಕೆ, ಆಮೇಲೆ ಎದೆಯ ಮಟ್ಟಕ್ಕೆ ಬಂತು.

"ನಿಲ್ಲು."

ಮಾತು ಮುಗಿಯುವ ಮೊದಲೇ ನಿಂತಿತು. ಅಷ್ಟು ಬೇಗ ಯಾವ ಯಂತ್ರವೂ ನಿಲ್ಲುವುದಿಲ್ಲ.

ನಾನು ಹಳಿ ತಡವಿದೆ. ತೋಳಿನ ಹಿಂದೆಯೂ ತಡವಿದೆ. ಏನೂ ಇರಲಿಲ್ಲ, ಕಬ್ಬಿಣ ಮಾತ್ರ. ಮೇಲಿನಿಂದ ಅವನ ದನಿ ಬಂತು, ಸಣ್ಣಗೆ. "ಭಾವ?"

"ಏನು?"

"ಏನಿಲ್ಲ." ಸ್ವಲ್ಪ ತಡೆದು, "ಬಿಡ್ಲಾ?"

ಬ್ರೇಕನ್ನು ಕೇಳಿದನೋ, ಕೆಲಸವನ್ನೋ, ಮನೆಯನ್ನೋ. ಎಲ್ಲಕ್ಕೂ ನಮ್ಮಲ್ಲಿರುವುದು ಅದೊಂದೇ ಮಾತು. ಅವನ ದನಿ ಬ್ರೇಕ್ ಕೇಳುವ ದನಿಯಾಗಿರಲಿಲ್ಲ. ನಾನು ತಲೆಯೆತ್ತಿ ಕಂಡಿಯ ಕಡೆಗೆ ಬಾಯಿ ಪೂರ್ತಿ ತೆರೆದೆ.

"ಉ…ಹೂಂ!"

ಮೇಲೆ ಅವನು ಕೂತ ಸದ್ದು. ಆಮೇಲೆ, "ಮೂರನೇ ಮಾತು ಆಡ್ಬೇಡಿ ಅಂದಿದ್ದೆ."

"ಇದು ಲಿಫ್ಟಿನ ಮಾತಲ್ಲ. ಬಾಗಿಲ ಹಿಂದಿರೋ ಬ್ಯಾಗಿನ ಮಾತು."

"ಅಕ್ಕ ಹೇಳಿದ್ಲಾ?"

"ನನಗೂ ಕಣ್ಣಿದೆ. ಬೆರಳು ಹೋಗಿದ್ದು, ಕಣ್ಣಲ್ಲ."

ಅವನು ಏನೋ ಅಂದ. ಕೇಳಿಸಲಿಲ್ಲ. "ಬಿಡಿಸಿ ಹೇಳು," ಎಂದೆ. ಅವನು ಬಿಡಿಸಿ ಹೇಳಿದ. "ನಿಮ್ಮ ಕೈ ನೋಡ್ಕೊಂಡು ಊಟ ಮಾಡಕ್ಕೆ ಆಗಲ್ಲ ಭಾವ."

"ನನಗೂ ಆಗಲ್ಲ. ಆದ್ರೆ ಕೈ ಇರೋದೂ ಇಲ್ಲೇ, ಊಟ ಇರೋದೂ ಇಲ್ಲೇ. ಎಲ್ಲಿಗೆ ಹೋಗೋದು?"

ಅವನು ಅಳುತ್ತಿದ್ದನೋ ಏನೋ. ಬಾವಿಯಲ್ಲಿ ಅಳುವೂ ಗ್ರೀಸಿಲ್ಲದ ಗಾಲಿಯೂ ಒಂದೇ ಥರ ಕೇಳಿಸುತ್ತವೆ.

"ಬಾಯಲ್ಲಿ ಟಾರ್ಚ್ ಇಟ್ಕೊಂಡು ಮಾತಾಡಿದ್ದು ನಾನು," ಎಂದೆ. "ಅದು ನಿನಗೂ ಗೊತ್ತು, ನನಗೂ ಗೊತ್ತು. ಇನ್ನು ನಾನು ಸ್ಟೋರಿಗೆ ಹೋಗಲ್ಲ. ಬಾವಿಗೇ ಬರ್ತೀನಿ. ಭಯ ಆಗುತ್ತೆ, ಈಗ್ಲೂ ಆಗ್ತಿದೆ, ಆದ್ರೂ ಬರ್ತೀನಿ. ಮೇಲೆ ಚಕ್ರಕ್ಕೆ ಒಬ್ಬ ಬೇಕು."

"ಬೇರೆಯವರು ಸಿಗ್ತಾರೆ."

"ಸಿಗ್ತಾರೆ. ಬೇರೆಯವರು ನಾನು ಹೂಂ ಅಂದ್ರೆ ಬಿಟ್ಟುಬಿಡ್ತಾರೆ. ನೀನು ಬಿಡ್ಲಿಲ್ಲ."

ಟಾರ್ಚಿನ ಬೆಳಕು ಹಳದಿಗೆ ತಿರುಗುತ್ತಿತ್ತು. ಕೊನೆಗೆ, ಕೆಲಸದ ದನಿಯಲ್ಲಿ, "ಈಗ ಬ್ರೇಕ್ ಬಿಡ್ಲಾ?" ಎಂದ.

"ಬಿಡು. ಅದೊಂದನ್ನೇ."

ಡಬ್ಬಿ ಮೇಲೇರಿತು. ತೋಳು ನನ್ನ ಸೊಂಟ ದಾಟಿ, ಕಾಲು ದಾಟಿ ಕತ್ತಲಿಗೆ ಇಳಿಯಿತು.

ಹೊರಗೆ ಬಂದಾಗ ಆಸ್ಪತ್ರೆಯ ಗಾಡಿ ಬಾಗಿಲಲ್ಲಿ ನಿಂತಿತ್ತು. ಕಂಬಳಿ ಹೊದ್ದ ಐದನೇ ಮಹಡಿಯವರ ಅಪ್ಪನನ್ನು ಕುರ್ಚಿಸಮೇತ ಡಬ್ಬಿಯೊಳಗೆ ತಳ್ಳಿದರು. ಆ ಹಿರಿಯರು ನಮ್ಮನ್ನು ನೋಡಲಿಲ್ಲ, ಲಿಫ್ಟಿನ ಸೂರು ನೋಡುತ್ತಿದ್ದರು. ವಾಸಿಯಾಗಿ ಬಂದವರ ಮುಖವಲ್ಲ ಅದು. ಅವರ ಮಗಳು ಹೊಸ ವರ್ಷ ಚೆನ್ನಾಗಿರಲಿ ಎಂದಳು. ಭಾಮೈದ ಕಣ್ಣು ಮುಚ್ಚಿ ತೆರೆದ. ಮನೆಯ ತನಕ ನಾವು ಮತ್ತೆ ಮಾತಾಡಲಿಲ್ಲ. ಆಡಬೇಕಾದ್ದನ್ನು ಆಡಿದ ಮೇಲೆ ಹಗುರಾಗುತ್ತದೆ ಅನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಸಾಮಾನಿನ ಚೀಲವನ್ನು ಅರ್ಧ ದಾರಿ ಅವನು ಹೊತ್ತ, ಅರ್ಧ ನಾನು ಹೊತ್ತೆ, ಅಷ್ಟೇ ವ್ಯತ್ಯಾಸ.

ಬಾಗಿಲ ಹಿಂದೆ ಬ್ಯಾಗು ಹಾಗೇ ಇತ್ತು. ಅದರ ಬೆಲ್ಟಿನಲ್ಲಿ ಛತ್ರಿ ಸಿಕ್ಕಿಸಿದ್ದ. ಹೆಂಡತಿ ನನ್ನ ಕೈಗವಸಿನ ಗ್ರೀಸು ನೋಡಿದಳು, ತಮ್ಮನ ಮುಖ ನೋಡಿದಳು. ಕೇಳಲಿಲ್ಲ. ಊಟ ಬಡಿಸಿದಳು.

ಅವನು ಅವಸರದಲ್ಲಿ ತಿನ್ನುತ್ತಿದ್ದ, ರೈಲು ಹಿಡಿಯುವವನಂತೆ. ಇಲ್ಲವೇ ಹಸಿದವನಂತೆ. ಎರಡಕ್ಕೂ ಇರುವ ಫರಕು ನನಗೆ ಗೊತ್ತಾಗಲಿಲ್ಲ.

"ಲೋ," ಎಂದಳು ಅವಳು, ತಟ್ಟೆಯನ್ನೇ ನೋಡುತ್ತ. "ನಾಳೆ ನಿಂಗೂ ಸೇರಿಸಿ ಅಡುಗೆ ಮಾಡ್ಲಾ?"

ಅವನ ಬಾಯಿ ತುಂಬ ಅನ್ನವಿತ್ತು. ಗಂಟಲಿನಿಂದ ಒಂದು ಸದ್ದು ಬಂತು. '…ಹೂಂ' ಎಂದು. ಅದರ ಮುಂದೆ ಇನ್ನೊಂದು ಅಕ್ಷರ ಇತ್ತೋ ಇರಲಿಲ್ಲವೋ, ಅನ್ನದೊಳಗೆ ಹೂತುಹೋಯಿತು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಅಷ್ಟು ಹೆದರಿದ ಮುಖವನ್ನು ನಾನು ಆಸ್ಪತ್ರೆಯಲ್ಲಿದ್ದಾಗಲೂ ನೋಡಿರಲಿಲ್ಲ.

"ಬಾಯಲ್ಲಿರೋದನ್ನ ನುಂಗಿ ಹೇಳು," ಎಂದೆ.

ಅವನು ಅಗಿದ. ನೀರು ಕುಡಿದ. ನನ್ನ ಎಡಗೈ ಮೇಜಿನ ಮೇಲಿತ್ತು. ಬಹಳ ತಿಂಗಳ ಮೇಲೆ ಅದನ್ನು ನೆಟ್ಟಗೆ ನೋಡಿದ. ನಾನು ಅದನ್ನು ಕೆಳಗಿಳಿಸಲಿಲ್ಲ.

"ಮಾಡಕ್ಕ," ಎಂದ.